ಹಾಸಿಗೆ ಅಂಗಡಿಯ ಕಾನೂನು

ಚಿತ್ರದುರ್ಗದ ಚೆಸ್ ಪಂದ್ಯಾವಳಿಗೆ ನಾನು ಹೆಸರು ಕೊಟ್ಟಿದ್ದು ಬಹುಮಾನದ ಆಸೆಗಲ್ಲ. ನನ್ನ ಎದುರಿಗೆ ಕೂತು ಆಡುವಂಥವರು ಈ ಜಿಲ್ಲೆಯಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಬರಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐವತ್ತೈದು ದಾಟಿದ ಹೆಂಗಸು ಭಾನುವಾರ ಬೆಳಗಾಗೆದ್ದು ಬ್ಯಾಗು ಹಾಕಿಕೊಂಡು ಚೆಸ್ ಆಡಲು ಹೊರಟರೆ ಜನ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರು ನನಗೆ ಕೇಳಿಸುವ ಹಾಗೆಯೇ, ನಿವೃತ್ತಿ ಹತ್ತಿರ ಬಂದಾಗ ಕೆಲವರಿಗೆ ತೀರ್ಥಯಾತ್ರೆ, ಕೆಲವರಿಗೆ ಇಂಥದ್ದು ಎಂದರು. ಉತ್ತರ ಕೊಡಲು ಹೋಗಿದ್ದರೆ ಒಂಟಿತನದ ಮಾತು ಎತ್ತಬೇಕಾಗುತ್ತಿತ್ತು, ಅದನ್ನು ಅವರ ಮುಂದೆ ಎತ್ತುವ ಮನಸ್ಸಿರಲಿಲ್ಲ.

ನನ್ನ ಕೆಲಸ ಹೊಸದುರ್ಗದ ಒಂದು ಆಸ್ಪತ್ರೆಯಲ್ಲಿ, ಮಾತ್ರೆ ಕೊಡುವ ಕಿಂಡಿಯ ಹಿಂದೆ. ದಿನವಿಡೀ ಜನ. ಆದರೆ ಕಿಂಡಿಯಿಂದ ನನಗೆ ಕಾಣುವುದು ಕೈ ಮತ್ತು ಗದ್ದ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ. ದಿನಕ್ಕೆ ಎಷ್ಟು ಮಾತಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಬಹಳ ಎನ್ನಬೇಕು, ಆದರೆ ಆಡುವುದು ಇದೊಂದೇ ಮಾತು. ಮಾಡದಕೆರೆಯಿಂದ ಬರುವ ಒಂದು ಅಜ್ಜಿ ಮಾತ್ರ ಪ್ರತಿ ಸಲ ಬಗ್ಗಿ ಕಿಂಡಿಗೆ ಮುಖ ಕೊಟ್ಟು, ಉಂಡ್ಯಾ ತಾಯಿ ಎಂದು ಕೇಳುತ್ತದೆ. ಆ ಅಜ್ಜಿಯ ಬಿಪಿ ಮಾತ್ರೆ ಎಣಿಸುವಾಗ ನಾನು ಬೇಕೆಂದೇ ಸ್ವಲ್ಪ ತಡ ಮಾಡುತ್ತೇನೆ.

ಮನೆಯಲ್ಲಿ ಅವ್ವ ಇರುವ ತನಕ ಜಗಳಕ್ಕಾದರೂ ಒಂದು ಜನ ಇತ್ತು. ನನಗೆ ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಅವ್ವ ಹೋದ ಮೇಲೆ ಭಾನುವಾರದ ಮಧ್ಯಾಹ್ನಗಳು ಉದ್ದವಾದವು. ಪಾತ್ರೆ ತೊಳೆದಿಟ್ಟು ಚೆಸ್ ಬೋರ್ಡು ಹಾಸುತ್ತಿದ್ದೆ. ಬಿಳಿ ನಡೆಸಿ, ಎದ್ದು ಆ ಕಡೆಯ ಕುರ್ಚಿಗೆ ಹೋಗಿ ಕರಿ ನಡೆಸುವುದು. ಒಂದು ದಿನ ಆ ಕಡೆ ಕೂತವಳು ಕತ್ತೆತ್ತಿ ನೋಡಿದರೆ ಈ ಕಡೆಯ ಕುರ್ಚಿ ಖಾಲಿ. ನಾನೇ ಎದ್ದು ಬಂದ ಕುರ್ಚಿ, ಖಾಲಿ ಇರದೆ ಇನ್ನೇನು ಇರುತ್ತದೆ. ಆದರೂ ಆವತ್ತಿನಿಂದ ಎದ್ದು ಹೋಗುವುದು ಬಿಟ್ಟು ಬೋರ್ಡನ್ನೇ ತಿರುಗಿಸತೊಡಗಿದೆ.

ಫೋನಿನಲ್ಲಿ ಆಡಬಹುದಲ್ಲ ಎನ್ನುತ್ತಾರೆ. ಆಡಿದ್ದೇನೆ. ಯಾವ ದೇಶದವರೋ ಏನೋ, ಸೋಲುವ ಹಾಗೆ ಕಂಡರೆ ಹೇಳದೆ ಕೇಳದೆ ಮಾಯವಾಗುತ್ತಾರೆ. ಗೆದ್ದವರೂ ಮಾಯವಾಗುತ್ತಾರೆ. ಕಾಯಿ ಎತ್ತಿ ಇಡುವಾಗ ಎದುರಿನವರ ಕೈ ಅನುಮಾನಿಸುವುದು, ಉಗುರು ಕಚ್ಚುವುದು, ತಪ್ಪು ನಡೆಸಿದ ಮೇಲೆ ಒಂದು ಉಸಿರು ಬಿಡುವುದು, ಇವೆಲ್ಲ ಇಲ್ಲದ ಮೇಲೆ ಅದು ಲೆಕ್ಕದ ಪರೀಕ್ಷೆ ಬರೆದ ಹಾಗೆ.

ನನಗೆ ಆಟ ಕಲಿಸಿದ್ದು ಅಪ್ಪ. ಅಪ್ಪ ಪ್ರೈವೇಟ್ ಬಸ್ಸಿನ ಡ್ರೈವರು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗಿ ಬರುವ ಗಾಡಿ. ನಮ್ಮ ಕಡೆ ಬಸ್ಸು ಜನರನ್ನು ಮಾತ್ರ ಸಾಗಿಸುವುದಿಲ್ಲ. ದುರ್ಗದಲ್ಲಿ ಓದುವ ಮಗಳಿಗೆ ಬುತ್ತಿ, ರಿಪೇರಿಗೆ ಕೊಟ್ಟ ಪಂಪು, ಲಗ್ನಪತ್ರಿಕೆಯ ಕಟ್ಟು, ಆಸ್ಪತ್ರೆಯ ಎಕ್ಸ್‌ರೇ, ಎಲ್ಲವೂ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಪ್ರಯಾಣ ಮಾಡುತ್ತವೆ. ಸಾಮಾನಿನ ಜೊತೆ ಮಾತೂ ಹೋಗುತ್ತದೆ. ನಾಳೆ ಬರಲು ಆಗುವುದಿಲ್ಲ ಎಂದು ನಮ್ಮ ಅಕ್ಕನಿಗೆ ಹೇಳಿಬಿಡಪ್ಪ ಎಂದರೆ, ಡ್ರೈವರು ಆ ಮನೆಯ ಮುಂದೆ ಹಾರನ್ ಹೊಡೆದು ಹೇಳಿಯೇ ಮುಂದೆ ಹೋಗಬೇಕು. ಅಪ್ಪ ಇಂಥ ಮಾತನ್ನು ಮರೆತವನಲ್ಲ, ತನ್ನ ಕಡೆಯಿಂದ ಉಪ್ಪು ಖಾರ ಸೇರಿಸಿದವನೂ ಅಲ್ಲ.

ಮಧ್ಯಾಹ್ನ ಗಾಡಿ ದುರ್ಗದಲ್ಲಿ ನಿಲ್ಲುವ ಹೊತ್ತಿನಲ್ಲಿ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರದ ಹಾಸಿಗೆ ಅಂಗಡಿಗೆ ಹೋಗಿ ಕೂರುತ್ತಿದ್ದ. ಅಂಗಡಿಯ ಸಾಬರು ಹತ್ತಿ ಹಿಂಜಿ ಹಾಸಿಗೆ ದಿಂಬು ತುಂಬುವವರು, ಅಪ್ಪನ ವಾರಗೆಯವರು. ಇಬ್ಬರೂ ಚೆಸ್ ಆಡುತ್ತಿದ್ದರು. ಒಂದು ಆಟ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಗಿರಾಕಿ ಬಂದರೆ ಸಾಬರು ಏಳಬೇಕು, ಗಾಡಿಯ ಹೊತ್ತಾದರೆ ಅಪ್ಪ ಏಳಬೇಕು. ದಿನಕ್ಕೆ ನಾಲ್ಕಾರು ನಡೆ ನಡೆಸಿ ಬೋರ್ಡನ್ನು ಹಾಗೇ ಅಟ್ಟದ ಮೇಲಿಟ್ಟು ಬಟ್ಟೆ ಮುಚ್ಚುತ್ತಿದ್ದರಂತೆ. ಸಂಜೆ ಮನೆಗೆ ಬಂದ ಅಪ್ಪನ ಖಾಕಿ ಅಂಗಿಯ ತುಂಬ ಹತ್ತಿಯ ಎಳೆ. ಅವ್ವ ಅವನ್ನು ಒಂದೊಂದೇ ಹೆಕ್ಕಿ ತೆಗೆಯುತ್ತ, ಇವರು ಬಸ್ ಓಡಿಸುತ್ತಾರೋ ಹಾಸಿಗೆ ಹೊಲಿಯುತ್ತಾರೋ ಎಂದು ಗೊಣಗುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಬಂದು, ನಮ್ಮ ರಟ್ಟಿನ ಬೋರ್ಡಿನ ಮೇಲೆ ಆವತ್ತಿನ ಆಟ ಎಲ್ಲಿಗೆ ನಿಂತಿತೋ ಅದನ್ನು ನೆನಪಿನಿಂದ ಜೋಡಿಸುತ್ತಿದ್ದ.

"ಏನವ್ವ, ಈಗೇನ್ ನಡಸ್ತೀಯ?"

ನಾನು ಹೇಳಿದ್ದನ್ನೇ ಮರುದಿನ ದುರ್ಗದಲ್ಲಿ ನಡೆಸಿ ಬರುತ್ತಿದ್ದ. ಸಾಬರ ಉತ್ತರ ಸಂಜೆ ನನ್ನ ಮುಂದೆ ಇರುತ್ತಿತ್ತು. ಮಿಡ್ಲ್ ಸ್ಕೂಲಿನಿಂದ ಪಿಯುಸಿಯವರೆಗೆ ನಾನು ಹೀಗೆ, ಕಣ್ಣಿಂದ ನೋಡದ ಬೋರ್ಡಿನ ಮೇಲೆ, ಮುಖ ನೋಡದ ಮನುಷ್ಯರ ಜೊತೆ ಆಡಿದೆ. ಸಾಬರು ನನಗೆ ಅಪ್ಪನ ಗೆಳೆಯರಲ್ಲ, ನನ್ನ ಎದುರಾಳಿ. ಅವರಿಗೆ ಜ್ವರ ಬಂದು ಅಂಗಡಿ ಮುಚ್ಚಿದರೆ ನನಗೆ ಸಿಟ್ಟು ಬರುತ್ತಿತ್ತು.

ಅದು ಹಾಸಿಗೆ ಅಂಗಡಿಯ ಕಾನೂನಿನ ಆಟ, ಈಗ ಮಕ್ಕಳು ಕಲಿಯುವ ಹಾಗಲ್ಲ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವುದು ಇಲ್ಲ. ಅದರ ಬದಲು ರಾಜ ಜೀವಮಾನದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ಎಲ್ಲಕ್ಕಿಂತ ದೊಡ್ಡ ಕಾನೂನು ಕೊನೆಯದು. ಒಬ್ಬರ ಕಾಯಿಗಳೆಲ್ಲ ಸತ್ತು ರಾಜನೊಬ್ಬನೇ ಉಳಿದರೆ ಆಟ ಅಲ್ಲಿಗೆ ನಿಲ್ಲಬೇಕು. ಸಮ. ಎದುರಿಗೆ ಮಂತ್ರಿ ಇರಲಿ, ಎರಡು ಆನೆ ಇರಲಿ, ಮುಂದುವರಿಸುವ ಹಾಗಿಲ್ಲ. ಯಾಕೆ ಎಂದು ನಾನು ಜಗಳ ತೆಗೆದಾಗ ಅಪ್ಪ ಸಾಬರನ್ನು ಕೇಳಿಕೊಂಡು ಬಂದು ಹೇಳಿದ. ತನ್ನವರು ಒಬ್ಬರೂ ಇಲ್ಲದವನನ್ನು ಮನೆಯಿಂದ ಮನೆಗೆ ಅಟ್ಟಿಸಿಕೊಂಡು ಹೋಗುವುದು ಮರ್ಯಾದೆಯಲ್ಲವಂತೆ. ಆಗ ನನಗೆ ಈ ಕಾನೂನು ಕಂಡರೆ ಆಗುತ್ತಿರಲಿಲ್ಲ. ಎಲ್ಲವನ್ನೂ ಹೊಡೆದು ಹಾಕಿದ ಮೇಲೆ ಗೆಲುವು ಕೈತಪ್ಪಿ ಹೋಗುವುದು ಎಂಥ ನ್ಯಾಯ!

ಸಾಬರ ಆರಂಭ ಯಾವಾಗಲೂ ಒಂದೇ ಥರ. ರಾಜನ ಮುಂದಿನ ಕಾಲಾಳು ಒಂದು ಮನೆ, ಮಂತ್ರಿಯ ಮುಂದಿನದು ಒಂದು ಮನೆ, ಎರಡೂ ಕುದುರೆಗಳ ಮುಂದಿನದು ಒಂದೊಂದು ಮನೆ, ತೆರವಾದ ಸಂದಿಯಲ್ಲಿ ಒಂಟೆಗಳು. ಯಾರ ತಂಟೆಗೂ ಹೋಗದೆ ಬಾಗಿಲು ಹಾಕಿಕೊಂಡು ಕೂರುವ ಆಟ. ಅದನ್ನು ಒಡೆಯಲಾಗದೆ ನಾನು ಅತ್ತಿದ್ದೂ ಉಂಟು. ಕೊನೆಗೆ ಅದನ್ನೇ ಕಲಿತುಕೊಂಡೆ. ಅಪ್ಪ ಅದಕ್ಕೆ ಶಟ್ಲ್ ಗಾಡಿ ಎಂದು ಹೆಸರಿಟ್ಟ, ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲಿಸಿಕೊಂಡು ಹೋಗುವ ಬಸ್ಸು. ಅವನ ಗಾಡಿಯ ಕನ್ನಡಿಯ ಮೇಲೆ ನಿಧಾನವೇ ಪ್ರಧಾನ ಎಂದು ಬರೆಸಿತ್ತು.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಒಂದು ಸಂಜೆ ಆಟ ಬಹಳ ಬಿಗಿಯಾಗಿತ್ತು. ಊಟಕ್ಕೆ ಕರೆದರೂ ಏಳದೆ ನೋಡಿ ನೋಡಿ, ನಮ್ಮ ಕುದುರೆಯನ್ನು ಅವರ ಮಂತ್ರಿಯ ಬಾಯಿಗೆ ಇಡು ಎಂದೆ. ಅಪ್ಪ ಹೌಹಾರಿದ. ಮಂತ್ರಿ ಕುದುರೆಯನ್ನು ತಿಂದರೆ ಮುಂದೇನಾಗುತ್ತದೆ ಎಂದು ತೋರಿಸಿದ ಮೇಲೆ ತೊಡೆ ತಟ್ಟಿಕೊಂಡು ನಕ್ಕ. ನಾಳೆ ಸಾಬರ ಮುಖ ನೋಡಬೇಕು ಎಂದ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟಲು ಬಾಗಿದವನು ಅಲ್ಲೇ ಕುಸಿದ. ಎದೆ ಹಿಡಿದುಕೊಂಡಿದ್ದ. ಆಸ್ಪತ್ರೆಗೆ ಸಾಗಿಸುವ ಮೊದಲೇ ಮುಗಿದಿತ್ತು. ಆ ನಡೆ ದುರ್ಗಕ್ಕೆ ಹೋಗಲಿಲ್ಲ. ಅಪ್ಪ ತಲುಪಿಸದೆ ಬಿಟ್ಟ ಮಾತು ಅದೊಂದೇ ಇರಬೇಕು.

ಮುಂದೆ ನಾನು ಓದಲು ದುರ್ಗಕ್ಕೆ ಹೋದಾಗ ಹಾಸಿಗೆ ಅಂಗಡಿ ಹುಡುಕಿದೆ. ರಸ್ತೆ ಅಗಲ ಮಾಡಲು ಆ ಸಾಲನ್ನೇ ಕೆಡವಿದ್ದರು. ಸಾಬರು ಎಲ್ಲಿ ಹೋದರು ಎಂದು ಯಾರಿಗೂ ಗೊತ್ತಿರಲಿಲ್ಲ. ಅವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಅವರು ಸಾಬರು, ಅವರಿಗೆ ಅಪ್ಪ ಡ್ರೈವರು. ಅಷ್ಟರಲ್ಲೇ ಆ ಸ್ನೇಹ ಮುಗಿದಿತ್ತು.

ಪಂದ್ಯಾವಳಿ ಒಂದು ಕಲ್ಯಾಣ ಮಂಟಪದಲ್ಲಿ. ವಯಸ್ಸಿನ ಮಿತಿ ಇಲ್ಲ ಎಂದು ಹಾಕಿದ್ದರು, ಆದರೆ ಬಂದವರೆಲ್ಲ ಮಕ್ಕಳು. ಅವರ ಹಿಂದೆ ನೀರಿನ ಬಾಟಲಿ ಹಿಡಿದ ತಾಯಂದಿರು. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವನು ನನ್ನನ್ನು, ಯಾವ ಮಗುವಿನ ಜೊತೆ ಬಂದಿದ್ದೀರಿ ಎಂದು ಕೇಳಿದ. ನನ್ನ ಜೊತೆಯೇ ಬಂದಿದ್ದೇನೆ ಎಂದೆ, ಸ್ವಲ್ಪ ಖಾರವಾಗಿಯೇ.

ಮೊದಲ ಸುತ್ತಿನಲ್ಲಿ ಹಿರಿಯೂರಿನ ಎರಡು ಜಡೆಯ ಹುಡುಗಿ ನನ್ನನ್ನು ಚಹಾ ಆರುವಷ್ಟರಲ್ಲಿ ಸೋಲಿಸಿದಳು. ನನ್ನದು ಶಟ್ಲ್ ಗಾಡಿ, ಅವಳದು ನಾನ್‌ಸ್ಟಾಪ್. ಥ್ಯಾಂಕ್ಯೂ ಆಂಟಿ ಎಂದು ಕೈ ಕುಲುಕಿ ಓಡಿಹೋದಳು. ಎರಡನೆಯದರಲ್ಲಿ ಹೊಳಲ್ಕೆರೆಯ ಕಾಲೇಜು ಹುಡುಗ, ಪಾಪ, ಗೆದ್ದಿದ್ದಕ್ಕೆ ಕ್ಷಮೆ ಕೇಳುವವನ ಹಾಗೆ ನಕ್ಕ. ಮೂರನೆಯದನ್ನು ಹೇಳುವುದೇ ಬೇಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ತಪ್ಪೆಲ್ಲವನ್ನೂ ಆ ಒತ್ತುವ ಗಡಿಯಾರದ ಮೇಲೆ ಹಾಕಿದೆ. ಸೋಲಿಗಿಂತ ನೋವಾಗಿದ್ದು ಬೇರೆ. ಆಟ ಮುಗಿಯುತ್ತಲೇ ಎಲ್ಲರೂ ಎದ್ದು ಓಡುತ್ತಿದ್ದರು. ಆ ನಡೆ ಯಾಕೆ ನಡೆಸಿದೆ ಎಂದು ಕೇಳೋಣವೆಂದರೆ ಕುರ್ಚಿ ಖಾಲಿ. ಇದನ್ನು ನೋಡಲು ಹೊಸದುರ್ಗದಿಂದ ಬರಬೇಕಿತ್ತೇ, ಮನೆಯಲ್ಲೇ ಇತ್ತಲ್ಲ ಎನಿಸಿತು. ಪೇಪರ್ ತಟ್ಟೆಯಲ್ಲಿ ಕೊಟ್ಟ ಪಲಾವನ್ನು ಕಂಬದ ಪಕ್ಕ ನಿಂತು ತಿಂದು, ಬಸ್ಸಿಗೆ ಹೊರಟುಬಿಡೋಣ ಎಂದುಕೊಂಡೆ. ಕೊನೆಯ ಸುತ್ತಿಗೆ ಹೆಸರು ಕೂಗಿದರು. ಅದೊಂದು ಆಗಲಿ ಎಂದು ಹೋದೆ.

ಕೊನೆಯ ಟೇಬಲ್. ಎದುರಿಗೆ ನನ್ನ ವಯಸ್ಸಿನದೇ ಹೆಂಗಸು. ಕರಿ ಬುರ್ಖಾ, ಮುಖ ತೆರೆದಿತ್ತು, ದಪ್ಪ ಕನ್ನಡಕ. ಬಲಗೈ ಬೆರಳ ತುದಿಗಳು ಸೂಜಿ ಹಿಡಿದು ಗಟ್ಟಿಯಾಗಿದ್ದವು. ಅವರೂ ಎಲ್ಲ ಸುತ್ತುಗಳನ್ನು ಸೋತು ಇಲ್ಲಿಗೆ ಬಂದಿದ್ದರು. ಯಾರೋ ಮಗುವಿನ ಅಜ್ಜಿ ಇರಬೇಕು ಎಂದು ನಾನು ಬೆಳಿಗ್ಗೆಯಿಂದ ಅಂದುಕೊಂಡಿದ್ದವರು. ಅವರೂ ನನ್ನನ್ನು ಹಾಗೇ ಅಂದುಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು.

ಬಿಳಿ ಅವರದು. ರಾಜನ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿದರು. ಪುಕ್ಕಲು ಎಂದುಕೊಂಡು ನಾನೂ ಒಂದೇ ಮನೆ ನಡೆಸಿದೆ. ಮಂತ್ರಿಯ ಮುಂದಿನದು ಒಂದು ಮನೆ. ನಾನೂ. ಕುದುರೆಯ ಮುಂದಿನದು ಒಂದು ಮನೆ, ಆ ಸಂದಿಗೆ ಒಂಟೆ. ಆಮೇಲೆ ಆ ಕಡೆಯದೂ ಹಾಗೇ. ಸ್ವಲ್ಪ ಹೊತ್ತಿನಲ್ಲಿ ಬೋರ್ಡಿನ ಮೇಲೆ ಬಾಗಿಲು ಹಾಕಿಕೊಂಡ ಎರಡು ಮನೆಗಳು ಎದುರುಬದುರು ನಿಂತವು. ನಾನು ಕತ್ತೆತ್ತಿ ಅವರ ಮುಖ ನೋಡಿದೆ. ಅವರು ಬೋರ್ಡು ನೋಡುತ್ತಿದ್ದರು. ಈ ಆರಂಭವನ್ನು ಇನ್ನೊಬ್ಬರು ಆಡಿದ್ದನ್ನು ನಾನು ಅಪ್ಪ ಸತ್ತ ಮೇಲೆ ನೋಡಿರಲಿಲ್ಲ. ಕೇಳಬೇಕು ಎಂದು ಬಾಯಿ ತುದಿಗೆ ಬಂತು. ಆಟದ ನಡುವೆ ಮಾತಾಡುವ ಹಾಗಿಲ್ಲ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದರು.

ಒಂಟೆ ಮುಂದೆ ಹೋಗಿ ಆ ಸಂದಿ ತೆರವಾದ ಮೇಲೆ ಅವರು ರಾಜನನ್ನು ಎತ್ತಿದರು. ಎತ್ತಿ, ಎರಡು ಮನೆ ಆಚೆ, ಒಂದು ಮನೆ ಮೇಲೆ, ಕುದುರೆ ನೆಗೆಯುವ ಹಾಗೆ ಇಟ್ಟು, ಗಡಿಯಾರ ಒತ್ತಿದರು. ನಾನು ಒಳ್ಳೆಯ ಜಾಗ ಎಂದುಕೊಂಡು ನನ್ನ ನಡೆ ಯೋಚಿಸತೊಡಗಿದೆ. ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ! ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಿರಿಯೂರಿನ ಆ ಎರಡು ಜಡೆಯ ಹುಡುಗಿ, ಆಂಟಿ ರಾಜ ಹಾಗೆಲ್ಲ ಹೋಗುವುದಿಲ್ಲ ಎಂದಳು. ತೀರ್ಪುಗಾರ ಓಡಿಬಂದ. ಅವನು ಬಂದು ರಾಜನನ್ನು ಹಿಂದಕ್ಕಿಡುವ ತನಕ ನಮ್ಮಿಬ್ಬರಿಗೂ ಏನು ತಪ್ಪಾಯಿತೆಂದು ತಿಳಿಯಲಿಲ್ಲ. ತಿಳಿದ ಮೇಲೆ ಆ ಹೆಂಗಸು ನನ್ನನ್ನು ನೋಡಿದರು. ತಪ್ಪು ನಡೆದರೂ ಸುಮ್ಮನಿದ್ದೆಯಲ್ಲ ಎಂದು ಕೇಳುವ ನೋಟ. ತೀರ್ಪುಗಾರ ನನ್ನ ಗಡಿಯಾರಕ್ಕೆ ಒಂದಿಷ್ಟು ಹೊತ್ತು ಸೇರಿಸಿ ಹೋದ. ಮುಟ್ಟಿದ ರಾಜನನ್ನೇ ನಡೆಸಬೇಕಾದ್ದರಿಂದ ಅವರು ಅದನ್ನು ಒಂದು ಮನೆ ಸರಿಸಿದರು.

ಆಮೇಲೆ ನಾನು ಆಡಿದ್ದು ಗೆಲ್ಲಲಿಕ್ಕಲ್ಲ, ಆ ಆಟ ಮುಗಿಯದೆ ಇರಲಿ ಎಂದು. ಉಳಿದ ಟೇಬಲ್‌ಗಳು ಒಂದೊಂದೇ ಖಾಲಿಯಾದವು. ಅವರು ಕಾಯಿ ಇಡುವ ಮೊದಲು ಗಾಳಿಯಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು. ಕಷ್ಟ ಬಂದಾಗ ತುಟಿ ಒಳಗೆ ಎಳೆದುಕೊಳ್ಳುತ್ತಿದ್ದರು. ನಾನು ಗಡಿಯಾರ ಒತ್ತಲು ಮರೆತರೆ ಬೆರಳಿನಿಂದ ತೋರಿಸುತ್ತಿದ್ದರು. ಅಷ್ಟು ಹೊತ್ತು ಒಬ್ಬರು ನನ್ನ ಎದುರು ಎದ್ದು ಹೋಗದೆ ಕೂತಿದ್ದರು. ಆಟ ಅವರದೇ ಮೇಲಾಯಿತು. ನನ್ನ ಕುದುರೆಗಳು ಹೋದವು, ಆನೆಗಳು ಹೋದವು, ಕೊನೆಯ ಕಾಲಾಳೂ ಹೋಯಿತು. ಅವರಲ್ಲಿ ಒಂದು ಆನೆ, ಎರಡು ಕಾಲಾಳು. ನನ್ನಲ್ಲಿ ರಾಜನೊಬ್ಬನೇ. ಸೋತೆ ಎಂದು ಒಪ್ಪಿಕೊಳ್ಳಲು ಕೈ ಮುಂದೆ ಮಾಡಬೇಕು, ಅವರು ಎದ್ದು ಹೋಗುತ್ತಾರೆ, ಮುಗಿಯಿತು.

ಅವರೇ ಮೊದಲು ಕೈ ಚಾಚಿದರು.

"ಸಮ," ಎಂದರು.

ನನಗೆ ಮೊದಲು ಬಂದಿದ್ದು ಸಿಟ್ಟು. ಸೋತ ಮುದುಕಿಯ ಮೇಲೆ ಕನಿಕರ ಎಂದುಕೊಂಡೆ. ತೀರ್ಪುಗಾರನೂ ಹಾಗೇ ತಿಳಿದು, "ಅಮ್ಮಾ, ನಿಮ್ದು ಗೆಲ್ಲೋ ಆಟ ಐತೆ, ಆಡ್ರಿ," ಎಂದ.

"ಬ್ಯಾಡಪ್ಪ. ಒಂಟಿ ರಾಜನ್ನ ಅಟ್ಟಬಾರ್ದು."

ಈ ಮಾತನ್ನು ನಾನು ಅಪ್ಪನ ಬಾಯಲ್ಲಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಅವರ ಕೈ ಹಿಡಿದೆ, ಹಿಡಿದವಳು ಬಿಡಲಿಲ್ಲ. ತೀರ್ಪುಗಾರ ಇಬ್ಬರಿಗೂ ಅರ್ಧರ್ಧ ಅಂಕ ಬರೆದುಕೊಂಡು, ಇವರ ಸಹವಾಸ ಸಾಕು ಎಂಬಂತೆ ಹೋದ. ನಿಮ್ಮದು ಹಾಸಿಗೆ ಅಂಗಡಿಯೇ ಎಂದು ಕೇಳಿದೆ. ಅಬ್ಬನದು ಇತ್ತು, ಈಗಿಲ್ಲ, ನಿಮಗೆ ಹೇಗೆ ಗೊತ್ತು ಎಂದರು.

"ನಾನು ಡ್ರೈವರ್ ಮಗಳು."

ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆಮೇಲೆ ಒಂದೊಂದಾಗಿ ಹೇಳಿದರು. ಅವರ ಅಬ್ಬನಿಗೆ ಆಟದ ಮೇಲೆ ಪ್ರೀತಿ ಇತ್ತಂತೆ, ತಲೆ ಓಡುತ್ತಿರಲಿಲ್ಲವಂತೆ. ದೊಡ್ಡವಳಾದ ಮಗಳು ಅಂಗಡಿಗೆ ಬಂದು ಕೂರುವ ಹಾಗಿರಲಿಲ್ಲ. ಅದಕ್ಕೇ ಅಬ್ಬ ಸಂಜೆ ಮನೆಗೆ ಬಂದು ಅಡಿಗೆ ಮನೆಯ ನೆಲದ ಮೇಲೆ ಆವತ್ತಿನ ಆಟ ಜೋಡಿಸಿ, ಏನು ನಡೆಸಲಿ ಬೇಟಿ ಎಂದು ಕೇಳುತ್ತಿದ್ದರು. ಇವರು ರೊಟ್ಟಿ ಬೇಯಿಸುತ್ತ ಹೇಳುತ್ತಿದ್ದರು. ಬಾಗಿಲು ಹಾಕಿಕೊಂಡು ಕೂರುವ ಆ ಆರಂಭ ಇವರದೇ. ಮೊದಲು ಮನೆ ಭದ್ರ ಮಾಡಿಕೋ, ಆಮೇಲೆ ಯಾರು ಬರುತ್ತಾರೆ ನೋಡು ಎಂದು ಚಿಕ್ಕ ಹುಡುಗಿಯಾಗಿದ್ದಾಗ ಅಬ್ಬನಿಗೆ ಹೇಳಿಕೊಟ್ಟಿದ್ದಂತೆ. ಅವರ ಮನೆಯಲ್ಲಿ ಅದಕ್ಕೆ ಬಸ್ಸಿನಾಟ ಎನ್ನುತ್ತಿದ್ದರು, ಬಸ್ಸಿನವರ ಜೊತೆ ಆಡುವುದಕ್ಕೆ ಎಂದು. ನಾನೂ ನನ್ನ ಕಡೆಯದು ಹೇಳಿದೆ. ಅಷ್ಟು ವರ್ಷ ಆ ಇಬ್ಬರು ಗಂಡಸರು ದುರ್ಗದ ಮಧ್ಯಾಹ್ನಗಳಲ್ಲಿ ಹಣೆ ಗಂಟಿಕ್ಕಿಕೊಂಡು ಕೂತು, ನಮ್ಮಿಬ್ಬರ ಮಾತನ್ನು ಅತ್ತ ಇತ್ತ ಸಾಗಿಸುತ್ತಿದ್ದರು ಅಷ್ಟೆ.

"ಹಂಗಾದ್ರೆ ನನ್ನ ಅಳಿಸ್ತಿದ್ದೋರು ನೀವೇ," ಎಂದರು.

ನಾವಿಬ್ಬರೂ ನಕ್ಕೆವು. ಆಮೇಲೆ ನಗು ಹೇಗೋ ನಿಂತುಹೋಯಿತು. ಅಪ್ಪನನ್ನು ಮಣ್ಣು ಮಾಡುವಾಗ ಅಬ್ಬ ಹೊಸದುರ್ಗಕ್ಕೆ ಬಂದು ಹೋಗಿದ್ದರಂತೆ. ಆದರೂ ಕೊನೆಯ ಆಟದ ಬೋರ್ಡನ್ನು ಅಟ್ಟದಿಂದ ಇಳಿಸಲಿಲ್ಲ. ಬೇರೆ ಯಾರಾದರೂ ಆಡೋಣ ಎಂದು ಬಂದರೆ, ಡ್ರೈವರ್ ನಡೆ ಬಾಕಿ ಇದೆ ಎನ್ನುತ್ತಿದ್ದರಂತೆ. ಅಂಗಡಿ ಕೆಡವುವ ದಿನವೇ ಅದನ್ನು ಇಳಿಸಿದ್ದು. ಅಬ್ಬ ಹೋಗಿಯೂ ಎಷ್ಟೋ ಕಾಲವಾಯಿತು. ಇವರು ಈಗ ಮಗನ ಸಂಸಾರದ ಜೊತೆ ಇದ್ದಾರೆ, ಮನೆಯಲ್ಲೇ ದಿಂಬಿನ ಕವರು ಹೊಲಿಯುತ್ತಾರೆ. ಆಟ ಆಡುತ್ತೀರಾ ಎಂದು ಕೇಳಿದೆ.

"ಮನೆ ತುಂಬ ಜನ ಅವ್ರೆ ಅಕ್ಕಾ. ಎದುರಿಗೆ ಕೂರೋರು ಒಬ್ರಿಲ್ಲ."

ಬಾಕಿ ನಡೆ ನನ್ನ ಹತ್ತಿರ ಇದೆ ಎಂದೆ. ಅದೇ ಬೋರ್ಡಿನ ಮೇಲೆ ಆ ಹಳೆಯ ಆಟವನ್ನು ಇಬ್ಬರೂ ಸೇರಿ ಜೋಡಿಸಿದೆವು. ಒಂದು ಕಾಲಾಳಿನ ವಿಷಯಕ್ಕೆ ಜಗಳವಾಯಿತು. ಅದು ಒಂದು ಮನೆ ಮುಂದಿತ್ತು ಎಂದು ನಾನು, ಇರಲೇ ಇಲ್ಲ ಎಂದು ಅವರು. ಅಬ್ಬ ಅಡಿಗೆ ಮನೆಯಲ್ಲಿ ಅಷ್ಟು ಸಲ ಜೋಡಿಸಿದ್ದು ನೋಡಿದ ಕಣ್ಣು ನಮ್ಮದು ಎಂದು ಅವರು ಪಟ್ಟು ಹಿಡಿದರು, ನಾನು ಬಿಟ್ಟುಕೊಟ್ಟೆ. ನಂತರ ಕುದುರೆಯನ್ನು ಎತ್ತಿ ಅವರ ಮಂತ್ರಿಯ ಬಾಯಿಗೆ ಇಟ್ಟೆ. ಅಪ್ಪ ನೋಡಬೇಕೆಂದುಕೊಂಡಿದ್ದ ಮುಖ ಇದೇ. ಅವರು ತುಟಿ ಒಳಗೆ ಎಳೆದುಕೊಂಡು ಬೋರ್ಡಿನ ಮೇಲೆ ಬಾಗಿದರು. ನಮ್ಮ ಸುತ್ತ ಕುರ್ಚಿ ಮಡಚುತ್ತಿದ್ದರು, ಬ್ಯಾನರ್ ಬಿಚ್ಚುತ್ತಿದ್ದರು. ಹೊರಗೆ ಅವರ ಮಗನ ಬೈಕಿನ ಹಾರನ್ ಎರಡು ಮೂರು ಸಲ ಕೇಳಿತು. ಅವರು ಎದ್ದರು.

"ಈಗ್ಲೇ ಹೇಳಲ್ಲ. ಯೋಚ್ನೆ ಮಾಡಿ ಹೇಳ್ತೀನಿ."

ಹೋಗಿಬಿಟ್ಟರು. ಫೋನ್ ನಂಬರು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರೇ ಕೇಳುತ್ತಾರೆ ಎಂದು, ಬಾಗಿಲ ತನಕ ಹೋದವರು ತಿರುಗಿ ಬರುತ್ತಾರೆ ಎಂದು ನಾನು ಬೈಕಿನ ಸದ್ದು ದೂರವಾಗುವ ತನಕ ಅಲ್ಲೇ ಕೂತಿದ್ದೆ. ಬಸ್ಸಿನಲ್ಲಿ ಹೊಳಲ್ಕೆರೆ ದಾಟುವವರೆಗೆ ನನ್ನನ್ನು ನಾನೇ ಬೈದುಕೊಂಡೆ.

ಮನೆಗೆ ಬಂದು ಆ ಆಟವನ್ನು ನನ್ನ ಬೋರ್ಡಿನ ಮೇಲೆ ಜೋಡಿಸಿ, ಕುದುರೆ ಇಟ್ಟು, ಟವೆಲ್ ಮುಚ್ಚಿದೆ. ಈಗ ನಡೆ ಅವರದು. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಪಂದ್ಯಾವಳಿ ನಡೆಸಿದವರನ್ನು ಕೇಳಿದ್ದರೆ ನಂಬರು ಸಿಗುತ್ತಿತ್ತು. ಕೇಳಲಿಲ್ಲ. ಅವರ ನಡೆ, ಅವರೇ ಹೇಳಬೇಕು ಎಂಬ ಹಟ ಒಂದು. ಮರೆತೇಬಿಟ್ಟೆ ಅಕ್ಕಾ ಎಂದುಬಿಟ್ಟರೆ ಎಂಬ ಭಯ ಇನ್ನೊಂದು. ಮಳೆ ಮುಗಿದು ಅವರೆಕಾಯಿ ಬಂತು. ಟವೆಲ್ ಮೇಲೆ ಧೂಳು ಕೂತು ಒಗೆದು ಹಾಕಿದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಕಷ್ಟವಾಯಿತು. ಮೊದಲು ನನಗೆ ಯಾರೂ ಇರಲಿಲ್ಲ. ಈಗ ಒಬ್ಬರು ಇದ್ದೂ ಇರಲಿಲ್ಲ. ಕೆಲವು ಸಂಜೆ ಟವೆಲ್ ಸರಿಸಿ ನೋಡಿ, ಪಂದ್ಯಾವಳಿಯ ಆಟ ಸಮವಾಗಿ ಮುಗಿದ ಮೇಲೆ ಇನ್ನೇನು ಉಳಿದಿದೆ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಕಿಂಡಿಯೊಳಗೆ ಚೀಟಿ ಇಲ್ಲದ ಕೈ ಬಂತು. ಖಾಕಿ ತೋಳು. ಚೀಟಿ ಎಲ್ಲಿ ಎಂದು ರೇಗಿದೆ. ಅವನು ಬಗ್ಗಿ ಮುಖ ತೋರಿಸಿದ. ದುರ್ಗದ ಬಸ್ಸಿನ ಡ್ರೈವರು, ನಲವತ್ತು ದಾಟಿದವನು. ಚೆಸ್ ಆಡುವ ಮೇಡಂ ನೀವೇನಾ ಎಂದು ಕೇಳಿದ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಮ್ಮ ಹೇಳಿ ಕಳಿಸಿದ್ದಾರೆ, ದಾರಿಯಲ್ಲಿ ಮರೆಯಬಾರದೆಂದು ಬಾಯಿಪಾಠ ಮಾಡಿಕೊಂಡು ಬಂದೆ ಎಂದ.

"ಮಂತ್ರಿ ಕುದ್ರೆನ ಮುಟ್ಟಲ್ವಂತೆ. ಒಂದ್ ಮನೆ ಹಿಂದಕ್ಕೆ ಹೋಗತ್ತಂತೆ."

ನಾನು ಮಾತ್ರೆಯ ಡಬ್ಬಿ ಕೆಳಗಿಟ್ಟೆ. ಅವನು ಇನ್ನೂ ಒಂದು ವಿಷಯ ಹೇಳಿದ. ಆ ಅಮ್ಮ ಇದನ್ನು ಹೇಳಿ ಕಳಿಸುತ್ತಿರುವುದು ಇದೇ ಮೊದಲಲ್ಲವಂತೆ. ಪಂದ್ಯಾವಳಿ ಆದ ವಾರದಿಂದಲೂ ಒಬ್ಬೊಬ್ಬ ಡ್ರೈವರಿಗೆ ಹೇಳುತ್ತಲೇ ಇದ್ದಾರಂತೆ. ಹೊಸದುರ್ಗದಲ್ಲಿ ಚೆಸ್ ಆಡುವ ಹೆಂಗಸು ಯಾರೆಂದು ಯಾರಿಗೂ ಗೊತ್ತಾಗದೆ, ಯಾರೂ ತಲುಪಿಸಿರಲಿಲ್ಲ. ಇವನು ಮೊನ್ನೆ ಬಾಗೂರಿನ ತನ್ನ ಅತ್ತೆಗೆ ಮಾತ್ರೆ ಒಯ್ಯಲು ಬಂದಿದ್ದವನು, ಸಾಲಿನಲ್ಲಿ ನಿಂತಾಗ ನರ್ಸ್ ಒಬ್ಬರು ನನ್ನ ಹುಚ್ಚಿನ ಮಾತಾಡುವುದು ಕೇಳಿ ತಿಳಿದುಕೊಂಡನಂತೆ. ಉತ್ತರ ಬಂತಾ ಎಂದು ಅಮ್ಮ ದಿನಾ ಬಸ್ ಸ್ಟ್ಯಾಂಡಿಗೆ ಬಂದು ಕೇಳುತ್ತಾರಂತೆ.

ನಾನು ಇಲ್ಲಿ ಟವೆಲ್ ಮುಚ್ಚಿಕೊಂಡು ಕಾಯುತ್ತಿದ್ದೆ. ಅವರು ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಯುತ್ತಿದ್ದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕಿಂಡಿಯಿಂದ ಸ್ವಲ್ಪ ಪಕ್ಕಕ್ಕೆ ಸರಿದೆ. ಡ್ರೈವರನ ಹಿಂದೆ ಸಾಲು ಉದ್ದವಾಗಿತ್ತು. ಗಾಡಿಗೆ ಹೊತ್ತಾಯಿತು, ಏನು ಹೇಳಲಿ ಎಂದು ಅವನು ಅವಸರ ಮಾಡಿದ. ಮಂತ್ರಿ ಹಿಂದೆ ಸರಿದರೆ ಆನೆಯನ್ನು ಎಲ್ಲಿಗೆ ತರಬೇಕೆಂದು ಅಪ್ಪನಿಗೆ ನಾನು ಆ ಕೊನೆಯ ಸಂಜೆಯೇ ತೋರಿಸಿಕೊಟ್ಟಿದ್ದೆ. ಅದು ನನ್ನ ಬಾಯಲ್ಲೇ ಇತ್ತು.

"ಮಾತು ಮುಟ್ತು ಅಂತ ಹೇಳ್ರಿ," ಎಂದೆ. "ಯೋಚ್ನೆ ಮಾಡಿ ಹೇಳ್ತಾರಂತೆ ಅನ್ರಿ. ನಾಳೆ ಬರ್ರಿ."